ಬೈಗುಳಕ್ಕೆ ಬೆಣ್ಣೆ ಹಚ್ಚುತ್ತಿದ್ದ ದುಭಾಷಿ

ನಮ್ಮ ಬೀದಿಯಲ್ಲಿ ಆಕೆಯನ್ನು ‘ಎರಡು ನಾಲಿಗೆ’ ಎಂದೇ ಕರೆಯುತ್ತಿದ್ದರು. ಬೇರೆ ಯಾರಿಗಾದರೂ ಹಾಗಂದಿದ್ದರೆ ಮಾತು ಕೈಗೆ ಹೋಗುತ್ತಿತ್ತು. ಆಕೆ ಮಾತ್ರ ಅದನ್ನು ಬಿರುದಿನಂತೆ ಹೊತ್ತುಕೊಂಡು ಓಡಾಡಿದಳು. ಒಂದೇ ನಾಲಿಗೆ ಇಟ್ಟುಕೊಂಡು ನೀವೆಲ್ಲ ಏನು ಕಡಿದು ಕಟ್ಟೆ ಹಾಕಿದ್ದೀರಿ ಎಂದು ತಿರುಗಿ ಕೇಳುತ್ತಿದ್ದಳು.

ಆಕೆಯದು ದುಭಾಷಿಯ ಕೆಲಸ. ಹೊರದೇಶದವರು ಬಂದು ಏನಾದರೂ ಹೇಳಿದರೆ ನಮಗೆ ತಿಳಿಸಬೇಕು, ನಾವು ಏನಾದರೂ ಹೇಳಿದರೆ ಅವರಿಗೆ ತಿಳಿಸಬೇಕು. ಆಕೆಯ ಅಪ್ಪ ರೈಲು ನಿಲ್ದಾಣದ ಎದುರಿನ ವಸತಿಗೃಹದಲ್ಲಿ ಮೇಜಿನ ಹಿಂದೆ ನಿಂತು ಬಂದವರಿಗೆ ಕೋಣೆಯ ಬೀಗದಕೈ ಕೊಡುತ್ತಿದ್ದವರು. ಶಾಲೆ ಬಿಟ್ಟ ಮೇಲೆ ಮಗಳು ಆ ಮೇಜಿನ ಪಕ್ಕದಲ್ಲೇ ಕೂತು ಶಾಲೆಯ ಪಾಠ ಬರೆಯುತ್ತಿದ್ದಳು. ಪರದೇಶದವರು ಬಂದು ಬಿಸಿನೀರು ಬರುತ್ತಿಲ್ಲ, ಕಿಟಕಿ ಮುಚ್ಚುತ್ತಿಲ್ಲ ಎಂದು ಕೂಗಾಡುವುದು ಅವಳ ಕಿವಿಗೆ ಬೀಳುತ್ತಿತ್ತು. ಹೀಗೆ ಅವಳು ಕಲಿತ ಮೊದಲ ಪರಭಾಷೆಯೆಲ್ಲ ದೂರಿನದು. ಅಪ್ಪ ಆ ಕೂಗಾಟವನ್ನೆಲ್ಲ ಸಮಾಧಾನವಾಗಿ ಕೇಳಿ, ನೀರು ಕಾಯಿಸುವವನ ಕಡೆ ತಿರುಗಿ, ‘ನಿನ್ನ ಕೆಲಸ ಮೆಚ್ಚಿಕೊಂಡಿದ್ದಾರಪ್ಪ, ಇನ್ನೊಂದು ಚೂರು ಬಿಸಿ ಇದ್ರೆ ಚೆನ್ನಾಗಿರುತ್ತಂತೆ’ ಎನ್ನುತ್ತಿದ್ದರು. ನೀರು ಕಾಯಿಸುವವನು ಖುಷಿಯಿಂದ ಒಲೆಗೆ ಇನ್ನೆರಡು ಸೌದೆ ತುಂಬುತ್ತಿದ್ದ. ಮುಂದೆ ಕಾಲೇಜಿನಲ್ಲಿ ಮಗಳು ಆ ಭಾಷೆಯ ವ್ಯಾಕರಣವನ್ನೆಲ್ಲ ಅರೆದು ಕುಡಿದಳು ನಿಜ. ಕಸುಬಿನ ಗುಟ್ಟನ್ನು ಮಾತ್ರ ಅವಳು ಕಲಿತದ್ದು ಆ ಮೇಜಿನ ಪಕ್ಕದಲ್ಲೇ.

ಗೋಧಿಯನ್ನು ಹಾಗೇ ನುಂಗಲಾಗುವುದಿಲ್ಲ, ಬೀಸಿ ಕೊಡಬೇಕು, ಮಾತೂ ಅಷ್ಟೇ ಎಂಬುದು ಆಕೆಯ ವಾದ. ಹಾಗಾಗಿ ಆಕೆಯ ಕೈಗೆ ಸಿಕ್ಕ ಬೈಗುಳ ಆ ಕಡೆ ಹೋಗುವಷ್ಟರಲ್ಲಿ ಸಲಹೆಯಾಗಿರುತ್ತಿತ್ತು. ಸಲಹೆ ಮೆಚ್ಚುಗೆಯಾಗಿರುತ್ತಿತ್ತು. ಮೆಚ್ಚುಗೆ ಏನಾಗುತ್ತಿತ್ತೋ ಗೊತ್ತಿಲ್ಲ, ಏಕೆಂದರೆ ಯಾರೂ ಯಾರನ್ನೂ ಮೆಚ್ಚಿಕೊಂಡ ಪ್ರಸಂಗ ಕಡಿಮೆ.

ಮನೆಯಲ್ಲೂ ಆಕೆಗೆ ಅದೇ ಕೆಲಸ, ಸಂಬಳವೊಂದಿಲ್ಲ. ಗಂಡ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮೇಲಿನ ಮಹಡಿಯಲ್ಲಿ ಅವನ ಅಣ್ಣ, ಅಂಚೆ ಕಚೇರಿಯಿಂದ ನಿವೃತ್ತನಾದವನು. ಅಣ್ಣತಮ್ಮಂದಿರು ಮನೆಗೆ ಯಾವ ಬಣ್ಣ ಹೊಡೆಸಬೇಕೆಂಬ ವಿಷಯಕ್ಕೆ ಜಗಳವಾಡಿ ಮಾತು ಬಿಟ್ಟಿದ್ದರು. ಮನೆಯ ಕೆಳಗಿನ ಅರ್ಧ ಹಳದಿ, ಮೇಲಿನ ಅರ್ಧ ನೀಲಿ. ಇಬ್ಬರೂ ಆಡುವುದು ಒಂದೇ ಭಾಷೆ, ಆದರೂ ನಡುವೆ ದುಭಾಷಿ ಬೇಕು. ಭಾವ ಮೆಟ್ಟಿಲ ಮೇಲೆ ನಿಂತು, ಆ ಕೋಡಂಗಿಗೆ ಬಾಗಿಲು ರಪ್ಪನೆ ಹಾಕಬೇಡ ಅಂತ ಹೇಳು ಎನ್ನುತ್ತಿದ್ದ. ಆಕೆ ಒಳಗೆ ಬಂದು, ‘ರೀ, ಭಾವನಿಗೆ ಯಾಕೋ ನಿದ್ದೆ ಸರಿಯಾಗಿ ಬರ್ತಿಲ್ವಂತೆ, ಪಾಪ’ ಎನ್ನುತ್ತಿದ್ದಳು. ಗಂಡ ಮರುದಿನದಿಂದ ಬಾಗಿಲನ್ನು ಮೆಲ್ಲಗೆ ಹಾಕುತ್ತಿದ್ದ. ಸಂಸಾರ ಸುಸೂತ್ರವಾಗಿ ನಡೆಯುತ್ತಿತ್ತು.

ಇನ್ನು ಮಾರುಕಟ್ಟೆಯ ವಿಷಯ. ಮೊದಲು ನಮ್ಮೂರಿನ ತರಕಾರಿಯವರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡೂ ಬದಿಗೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದರು. ಬಸ್ಸು ಬಂದರೆ ಚೀಲ ಹಿಂದಕ್ಕೆ ಎಳೆದುಕೊಳ್ಳಬೇಕು, ಹೋದ ಮೇಲೆ ಮುಂದಕ್ಕೆ ಚಾಚಿಕೊಳ್ಳಬೇಕು. ಇದನ್ನು ನೋಡಲಾರದೆ ನಗರಸಭೆಯವರು ದೊಡ್ಡ ಬ್ಯಾಂಕಿನ ಸಾಲದಲ್ಲಿ ಒಂದು ಮಾರುಕಟ್ಟೆ ಕಟ್ಟಿಸಿದರು. ದೊಡ್ಡ ಬ್ಯಾಂಕೆಂದರೆ ನಮಗೆ ನಿಮಗೆ ಪಾಸ್‌ಪುಸ್ತಕ ಕೊಡುವಂಥದ್ದಲ್ಲ. ರಸ್ತೆ, ಸೇತುವೆ, ನೀರಿನ ಕೊಳವೆ ಇಂಥವಕ್ಕೆಂದು ದೇಶಗಳಿಗೇ ಸಾಲ ಕೊಟ್ಟು, ವರ್ಷಗಟ್ಟಲೆ ನಿಧಾನವಾಗಿ ವಾಪಸು ಪಡೆಯುವಂಥದ್ದು. ಅದರ ಕಚೇರಿ ಸಮುದ್ರದ ಆಚೆ ಎಲ್ಲೋ ಇತ್ತು.

ಮಾರುಕಟ್ಟೆ ಉದ್ಘಾಟನೆಯ ದಿನ ಆ ಬ್ಯಾಂಕಿನ ಅಧಿಕಾರಿಯೊಬ್ಬರು ಬಂದು ಸಾಲದ ಬಗ್ಗೆ ನಾಲ್ಕು ಮಾತು ಆಡಿದರು. ಮೈಕಿನ ಪಕ್ಕದಲ್ಲಿದ್ದ ನಮ್ಮ ದುಭಾಷಿಗೆ, ಹೊಸ ಕಟ್ಟಡದ ಬಾಗಿಲಲ್ಲಿ ನಿಂತು ಸಾಲ ಎನ್ನಲು ಬಾಯಿ ಬರಲಿಲ್ಲ. ದೊಡ್ಡ ಮನಸ್ಸಿನ ನೆರವು ಎಂದುಬಿಟ್ಟಳು. ಚಪ್ಪಾಳೆ ಜೋರಾಗಿ ಬಿತ್ತು. ಅಂದಿನಿಂದ ಊರಿನಲ್ಲಿ ಮಾರುಕಟ್ಟೆ ಧರ್ಮಕ್ಕೆ ಬಂದದ್ದೆಂದೇ ಪ್ರತೀತಿ. ಬ್ಯಾಂಕಿನ ಯಜಮಾನ ಮಕ್ಕಳಿಲ್ಲದ ಒಬ್ಬ ಮುದುಕ, ಆಸ್ತಿಯನ್ನೆಲ್ಲ ಹೀಗೆ ಹಂಚಿಬಿಡುತ್ತಿದ್ದಾನೆ ಎಂದು ಈರುಳ್ಳಿಯವನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ.

ಕಟ್ಟಡವೇನೋ ಚೆನ್ನಾಗಿತ್ತು. ಆದರೆ ಕೆಳಗಿನ ಅಂತಸ್ತಿಗೆ ತಾತ್ಕಾಲಿಕವಾಗಿ ಎಂದು ನಗರಸಭೆಯ ಕಂದಾಯದ ಕೌಂಟರು, ನೀರಿನ ಬಿಲ್ಲಿನ ಕೌಂಟರು ಬಂದು ಕೂತವು. ಅವುಗಳ ಹಿಂದೆಯೇ ಮುರಿದ ಕುರ್ಚಿಗಳ ಒಂದು ರಾಶಿಯೂ ಬಂತು. ತರಕಾರಿಯವರಿಗೆ ಮಹಡಿ. ಮೆಟ್ಟಿಲು ಎಷ್ಟು ಕಡಿದೆಂದರೆ ಬರಿಗೈಯಲ್ಲಿ ಹತ್ತಿದವರೂ ಮಧ್ಯದಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಳ್ಳಬೇಕು. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಕಾವಲುಗಾರ ಸೈಕಲ್ಲು ನಿಲ್ಲಿಸುತ್ತಿದ್ದ. ತರಕಾರಿಯವರು ಕೆಲವು ವಾರ ಮೇಲೆ ಕೂತು ನೋಡಿದರು. ಎರಡು ಬದನೆಕಾಯಿಗೆ ಯಾರು ಮಹಡಿ ಹತ್ತುತ್ತಾರೆ? ಒಬ್ಬೊಬ್ಬರಾಗಿ ಇಳಿದು ಮತ್ತೆ ಬೀದಿಗೇ ಬಂದರು. ಮಹಡಿಯ ಮೇಲೆ ನಿವೃತ್ತರು ಬೆಳಗಿನ ವಾಯುಸೇವನೆ ಶುರುಮಾಡಿದರು. ಪೊಲೀಸ್ ಬ್ಯಾಂಡಿನವರು ಅಭ್ಯಾಸಕ್ಕೆ ಬಂದರು. ಕಾವಲುಗಾರನ ಹೆಂಡತಿ ಬಟ್ಟೆ ಒಣಗಿಸಿದಳು. ಧರ್ಮಕ್ಕೆ ಬಂದದ್ದು ಹೇಗಿದ್ದರೇನು ಎಂದು ಊರು ಸುಮ್ಮನಿತ್ತು.

ಹೀಗಿರುವಾಗ ಕೆಲವು ವರ್ಷಗಳ ಮೇಲೆ ದೊಡ್ಡ ಬ್ಯಾಂಕಿನಿಂದ ಒಬ್ಬ ತಜ್ಞ ಬರುತ್ತಾನೆಂಬ ಸುದ್ದಿ ಬಂತು. ಕೊಟ್ಟ ಸಾಲ ಉಪಯೋಗಕ್ಕೆ ಬಂದಿದೆಯೇ, ಜನ ಅದರ ಬಗ್ಗೆ ಏನೆನ್ನುತ್ತಾರೆ ಎಂದು ನೋಡಿ ವರದಿ ಬರೆಯುವುದು ಅವನ ಕೆಲಸ. ನಗರಸಭೆಯ ಎಂಜಿನಿಯರಿಗೆ ಇನ್ನೊಂದು ಸಾಲದಲ್ಲಿ ಇನ್ನೊಂದು ಮಾರುಕಟ್ಟೆ ಕಟ್ಟುವ ಆಸೆಯಿತ್ತು. ಅದರ ನಕ್ಷೆ ಕೂಡ ಸುರುಳಿ ಸುತ್ತಿ ಬೀರುವಿನ ಮೇಲೆ ಸಿದ್ಧವಾಗಿ ಕೂತಿತ್ತು. ಅವನು ದುಭಾಷಿಯನ್ನು ಕರೆಸಿ ಚಹ ಕೊಡಿಸಿದ.

‘ನೀವಿದ್ದೀರಲ್ಲ ಮೇಡಂ, ನಮಗೇನು ಭಯ? ಖಾರ ಜಾಸ್ತಿ ಅನ್ನಿಸಿದ್ರೆ ಸ್ವಲ್ಪ ನೀರು ಹಾಕಿ’ ಎಂದ.

ಇಂಥ ಮಾತನ್ನು ಬಾಯಿಬಿಟ್ಟು ಹೇಳಿಸಿಕೊಳ್ಳುವುದು ಆಕೆಗೆ ಸ್ವಲ್ಪ ಅವಮಾನವೆನಿಸಿತು. ಒಳ್ಳೆ ಅಡುಗೆಯವರಿಗೆ ಉಪ್ಪು ಹಾಕಲು ಮರೆಯಬೇಡಿ ಎಂದ ಹಾಗಾಯಿತು. ಆದರೂ ತಲೆಯಾಡಿಸಿದಳು.

ತಜ್ಞ ಬಂದ. ಆಳು ಎಷ್ಟು ಉದ್ದವೆಂದರೆ ತರಕಾರಿಯವರು ಮಹಡಿಯಿಂದಲೇ ನೋಡಿ, ಅವನು ಕಾರಿನಿಂದ ಪೂರ್ತಿ ಇಳಿಯುವ ಮೊದಲೇ ‘ಏಣಿ’ ಎಂದು ಹೆಸರಿಟ್ಟಾಗಿತ್ತು. ಅಂದು ಎಂಜಿನಿಯರು ಎಲ್ಲ ತರಕಾರಿಯವರನ್ನೂ ಒತ್ತಾಯದಿಂದ ಮಹಡಿಗೆ ಹತ್ತಿಸಿದ್ದ. ಗಿರಾಕಿಗಳಿಲ್ಲದಿದ್ದರೆ ಚೆನ್ನಾಗಿರುವುದಿಲ್ಲವೆಂದು ಕಂದಾಯದ ಗುಮಾಸ್ತರ ಕೈಗೆ ಒಂದೊಂದು ಚೀಲ ಕೊಟ್ಟು ಮೇಲೆ ಕಳಿಸಿದ್ದ. ಅವರಲ್ಲೊಬ್ಬ, ಕೊಳ್ಳುವ ನಾಟಕವಾಡಬೇಕಾದವನು, ಅಭ್ಯಾಸಬಲದಿಂದ ಟೊಮೇಟೊಗೆ ನಿಜವಾಗಿಯೇ ಚೌಕಾಸಿಗೆ ಇಳಿದು, ಟೊಮೇಟೊ ಮಾರುವವಳ ಕೈಯಲ್ಲಿ ಬೈಸಿಕೊಂಡ. ದುಭಾಷಿ ಅದನ್ನು ಮಾರುಕಟ್ಟೆಯ ಲವಲವಿಕೆ ಎಂದು ತಜ್ಞನಿಗೆ ವಿವರಿಸಿದಳು.

ತಜ್ಞ ಪ್ರಾಮಾಣಿಕ ಮನುಷ್ಯ. ಒಬ್ಬೊಬ್ಬರ ಮುಂದೆಯೂ ಕುಕ್ಕರುಗಾಲಲ್ಲಿ ಕೂತು, ಒಂದರಿಂದ ಐದರೊಳಗೆ ನಿಮಗೆ ಎಷ್ಟು ತೃಪ್ತಿ ಎಂದು ಕೇಳಿದ. ಐದು ಅಂದರೆ ಏನು ಕೊಡುತ್ತಾರೆ ಎಂದು ಈರುಳ್ಳಿಯವನು ವಿಚಾರಿಸಿದ. ಏನೂ ಕೊಡುವುದಿಲ್ಲ ಎಂದಳು ದುಭಾಷಿ. ಹಾಗಾದರೆ ಮೂರು ಬರೆದುಕೊಳ್ಳಲಿ, ಯಾರಿಗೂ ಬೇಜಾರಾಗಬಾರದು ಎಂದ ಅವನು. ನಿಂಬೆಹಣ್ಣಿನವಳು ಎರಡು ಎಂದಳು. ದುಭಾಷಿ ನಾಲ್ಕು ಮಾಡು ಎಂದಳು. ಇಬ್ಬರೂ ಎಳೆದಾಡಿ ಮೂರಕ್ಕೆ ಇತ್ಯರ್ಥ ಮಾಡಿಕೊಂಡರು.

ಸಾಲಿನ ಕೊನೆಯಲ್ಲಿ ಕುಂಬಳದಕ್ಕ ಕೂತಿದ್ದಳು. ಕುಂಬಳಕಾಯಿ ಮಾರುವವಳಾದ್ದರಿಂದ ಆ ಹೆಸರು. ಮಂಡಿನೋವಿನ ಹೆಂಗಸು, ಅಂದು ಬುಟ್ಟಿ ಹೊತ್ತು ಮಹಡಿ ಹತ್ತಿದ್ದರಿಂದ ಮಂಡಿಗಿಂತ ನಾಲಿಗೆ ಹೆಚ್ಚು ಉರಿಯುತ್ತಿತ್ತು. ಪ್ರಶ್ನೆ ಮುಗಿಯುವುದನ್ನೂ ಅವಳು ಕಾಯಲಿಲ್ಲ.

‘ಈ ಕಟ್ಟಡದ ನಕ್ಷೆ ಬರೆದವನ ತಲೆ ಮೇಲೆ ಒಂದು ಬುಟ್ಟಿ ಕುಂಬಳಕಾಯಿ ಹೊರಿಸಿ ಈ ಮೆಟ್ಟಿಲು ಹತ್ತಿಸ್ಬೇಕು. ಇಲ್ಲಿ ಕೂರಿಸಿ ನೊಣ ಹೊಡೆಸ್ಬೇಕು. ಆಮೇಲೆ ಬಂದು ಕೇಳ್ಲಿ ನನ್ನ ತೃಪ್ತಿ ಎಷ್ಟು ಅಂತ.’

ಸಾಲಿನುದ್ದಕ್ಕೂ ಜನ ಬಿದ್ದು ಬಿದ್ದು ನಕ್ಕರು. ಎಂಜಿನಿಯರು ಗೋಡೆಯ ಕಡೆ ಮುಖ ತಿರುಗಿಸಿದ. ದುಭಾಷಿ ಒಂದು ಕ್ಷಣವೂ ತಡವರಿಸಲಿಲ್ಲ. ಈ ಕಟ್ಟಡವನ್ನು ಯೋಚಿಸಿದವರು ಒಮ್ಮೆ ಬಂದು, ತನ್ನ ಜೊತೆ ಕುಂಬಳಕಾಯಿಯ ಬುಟ್ಟಿ ಹೊತ್ತು, ಪಕ್ಕದಲ್ಲಿ ಕೂತು ವ್ಯಾಪಾರ ನೋಡಿದರೆ ಈಕೆಗೆ ಬಹಳ ಸಂತೋಷವಾಗುತ್ತದಂತೆ ಎಂದು ತಜ್ಞನಿಗೆ ಹೇಳಿದಳು. ನ್ಯಾಯವಾಗಿ ನೋಡಿದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತಜ್ಞ ಈ ನಕ್ಷೆಗೆ ಒಪ್ಪಿಗೆ ಕೊಟ್ಟವರ ಸಭೆಯಲ್ಲಿ ತಾನೂ ಇದ್ದೆನೆಂದೂ, ಆಗ ತಾನು ಕೆಲಸಕ್ಕೆ ಹೊಸಬನಾಗಿದ್ದು ತಲೆಯಾಡಿಸುವುದಷ್ಟೇ ತನ್ನ ಕೆಲಸವಾಗಿತ್ತೆಂದೂ ಹೇಳಿದ. ಇಷ್ಟು ಪ್ರೀತಿಯಿಂದ ಕರೆದ ಮೇಲೆ ಬರದೆ ಇರಲಾರೆ, ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ.

ದುಭಾಷಿಯ ಎರಡೂ ನಾಲಿಗೆಗಳು ಒಟ್ಟಿಗೆ ಒಣಗಿದ್ದು ಅದೇ ಮೊದಲು.

‘ಏನಂತೆ ಅವನಿಗೆ?’ ಎಂದಳು ಕುಂಬಳದಕ್ಕ.

‘ನಾಳೆ ಬರ್ತಾರಂತೆ. ಬುಟ್ಟಿ ಹೊರೋಕೆ.’

ಕುಂಬಳದಕ್ಕ ತಜ್ಞನನ್ನು ಪಾದದಿಂದ ನೆತ್ತಿಯವರೆಗೆ ನೋಡಿದಳು. ನೋಡಿ ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ‘ಹಂಗಾದ್ರೆ ದೊಡ್ಡ ಬುಟ್ಟಿ ತರ್ತೀನಿ’ ಎಂದಳು.

ಮರುದಿನ ಬೆಳಿಗ್ಗೆ ಮಾರುಕಟ್ಟೆಯ ಮುಂದೆ ಸರ್ಕಸ್ಸಿಗೆ ಸೇರುವಷ್ಟು ಜನ ಸೇರಿದ್ದರು. ತಜ್ಞ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಕುಂಬಳದಕ್ಕ ಅವನನ್ನು ಬಗ್ಗಿಸಿ, ಬಟ್ಟೆ ಸುತ್ತಿದ ಸಿಂಬೆಯನ್ನು ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ ಏರಿಸಿದಳು. ಮೊದಲ ಕೆಲವು ಮೆಟ್ಟಿಲುಗಳನ್ನು ಅವನು ನಗುನಗುತ್ತಲೇ ಹತ್ತಿದ. ಮೆಟ್ಟಿಲು ತಿರುಗುವ ಕಡೆ ತೊಲೆ ತಗ್ಗಾಗಿತ್ತು. ಬುಟ್ಟಿ ತೊಲೆಗೆ ತಾಗಿತು. ಒಂದು ಕುಂಬಳಕಾಯಿ ಹೊರಕ್ಕೆ ಹಾರಿ, ಧಡಧಡನೆ ಮೆಟ್ಟಿಲಿಳಿದು, ಆಗಷ್ಟೇ ಓಡೋಡಿ ಬರುತ್ತಿದ್ದ ಎಂಜಿನಿಯರ ಕಾಲ ಬಳಿ ಒಡೆದು ಬಿತ್ತು. ತಜ್ಞ ನಿಲ್ಲಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, ಗೋಡೆ ಹಿಡಿದುಕೊಂಡು, ಮೇಲೆ ತಲುಪಿಯೇ ಬಿಟ್ಟ. ಹಿಂದಿನಿಂದ ಬರುತ್ತಿದ್ದ ಕುಂಬಳದಕ್ಕ, ಒಡೆದ ಕಾಯಿಯ ದುಡ್ಡು ಎಂಜಿನಿಯರು ಕೊಡುತ್ತಾನೆ, ಚಿಂತೆ ಬೇಡ ಎಂದು ಅವನಿಗೆ ಧೈರ್ಯ ಹೇಳಿದಳು.

ಮೇಲೆ ಮೂವರೂ ಕೂತರು: ಕುಂಬಳದಕ್ಕ, ತಜ್ಞ, ಮಧ್ಯದಲ್ಲಿ ದುಭಾಷಿ. ಅಂದು ಗುಮಾಸ್ತರ ಸೈನ್ಯ ಇರಲಿಲ್ಲ. ಬಿಸಿಲೇರಿತು. ಒಬ್ಬ ನಿವೃತ್ತ ಮಹಾಶಯ ಕೈಬೀಸಿ ನಡೆಯುತ್ತ ಬಂದು, ಕಾಯಿಗೆಷ್ಟು ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಸುತ್ತಿಗೆ ಹೋದ. ಪೊಲೀಸ್ ಬ್ಯಾಂಡಿನವರು ಬಂದು ಮೂಲೆಯಲ್ಲಿ ಡ್ರಮ್ಮು ತುತ್ತೂರಿ ಸರಿಮಾಡಿಕೊಂಡರು. ಕುಂಬಳದಕ್ಕ ತಜ್ಞನಿಗೆ ಕಾಯಿಯನ್ನು ಬೆರಳಿಂದ ಬಡಿದು ಬಲಿತಿದೆಯೋ ಇಲ್ಲವೋ ಕೇಳುವುದನ್ನು ತೋರಿಸಿಕೊಟ್ಟಳು. ಅವನು ಕಿವಿಗೊಟ್ಟು ಕೇಳಿ, ಎಳೆಯದನ್ನು ಬಲಿತದ್ದೆಂದೂ ಬಲಿತದ್ದನ್ನು ಎಳೆಯದೆಂದೂ ವಿಂಗಡಿಸಿದ. ಅದಕ್ಕೆಲ್ಲ ದುಭಾಷಿ ಬೇಕಾಗಲಿಲ್ಲ.

ಗಿರಾಕಿ ಒಬ್ಬರೂ ಬರಲಿಲ್ಲ. ತಜ್ಞ ದುಭಾಷಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ: ನಿನ್ನೆ ಈಕೆ ನಿಜವಾಗಿ ಹೇಳಿದ್ದೇನು? ಪ್ರೀತಿಯಿಂದ ಕರೆದರೆ ಜನ ಹಾಗೆ ನಗುವುದಿಲ್ಲ. ರಾತ್ರಿಯೆಲ್ಲ ಅದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ದುಭಾಷಿ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಅದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅವನ ಹಣೆಯ ಮೇಲೆ ಸಿಂಬೆಯ ಗುರುತು ಇನ್ನೂ ಹಾಗೇ ಇತ್ತು. ಅದನ್ನು ನೋಡಿಕೊಂಡು ಬೆಣ್ಣೆ ಹಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಹೊರಿಸಬೇಕು, ಹತ್ತಿಸಬೇಕು, ಕೂರಿಸಬೇಕು ಎಂದು ಒಂದೊಂದೇ ಮಾತನ್ನು ಇದ್ದ ಹಾಗೇ ಹೇಳಿದಳು. ನೊಣ ಹೊಡೆಯುವುದೆಂದರೆ ವ್ಯಾಪಾರವಿಲ್ಲದೆ ಸುಮ್ಮನೆ ಕೂರುವುದೆಂದು ಬಿಡಿಸಿಯೂ ಹೇಳಿದಳು.

ತಜ್ಞ ಸುತ್ತ ಕಣ್ಣಾಡಿಸಿದ. ಇಲ್ಲಿ ನೊಣವೂ ಇಲ್ಲವಲ್ಲ, ಅವೂ ಮೆಟ್ಟಿಲು ಹತ್ತುವುದಿಲ್ಲವೆಂದು ಕಾಣುತ್ತದೆ ಎಂದ.

ದುಭಾಷಿ ಅದನ್ನೂ ಹಾಗೇ ಈ ಕಡೆ ದಾಟಿಸಿದಳು. ಕುಂಬಳದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕ ಮೇಲೆ ಅವಳ ಮನಸ್ಸು ಕರಗಿತು.

‘ಹೋಗ್ಲಿ ಬಿಡಮ್ಮ. ಧರ್ಮಕ್ಕೆ ಕೊಟ್ಟಿದ್ದನ್ನ ಹಿಂಗಿದೆ ಹಂಗಿದೆ ಅನ್ಬಾರ್ದು. ಪುಣ್ಯಾತ್ಮರು, ಏನೋ ಮನಸ್ಸಿಗೆ ಬಂತು, ಕೊಟ್ರು. ನಾನು ಬೈದಿದ್ದು ತಪ್ಪಾಯ್ತು ಅಂತ ಹೇಳು’ ಎಂದಳು.

ಇದನ್ನು ಕೇಳಿ ತಜ್ಞ ತಬ್ಬಿಬ್ಬಾದ. ಧರ್ಮಕ್ಕೆ ಕೊಟ್ಟದ್ದಲ್ಲ, ಇದು ಸಾಲ, ಇನ್ನೂ ತೀರಿಲ್ಲ, ಇನ್ನೂ ಬಹಳ ವರ್ಷ ತೀರಿಸಬೇಕು, ಊರಿನವರು ಕೊಡುವ ಕಂದಾಯದಿಂದ, ಈಕೆ ದಿನವೂ ಕೊಡುವ ಜಾಗದ ಸುಂಕದಿಂದಲೂ ಅದು ಬರುತ್ತದೆ ಎಂದ. ಧರ್ಮಕ್ಕೆಂದು ಇವರಿಗೆ ಹೇಳಿದವರು ಯಾರು ಎಂದು ಮುಗ್ಧವಾಗಿ ಕೇಳಿದ.

ದುಭಾಷಿ ಕುಂಬಳದಕ್ಕನ ಕಡೆ ತಿರುಗಿದಳು.

‘ಧರ್ಮಕ್ಕಲ್ಲವಂತೆ ಅಕ್ಕಾ. ಸಾಲವಂತೆ. ತೀರಿಸ್ತಾ ಇರೋದು ನಾವೇ ಅಂತೆ.’

‘ನಾವು ಅಂದ್ರೆ ಯಾರು?’

‘ನೀವು, ನಾನು, ಎಲ್ಲಾರೂ. ನೀವು ದಿನಾ ಕೊಡೋ ಸುಂಕಾನೂ ಸೇರಿ.’

‘ಮತ್ತೆ ಅವತ್ತು ಮೈಕಲ್ಲಿ ನೆರವು ನೆರವು ಅಂತ ಬಡ್ಕೊಂಡಿದ್ದು ಯಾರು?’

‘ನಾನೇ’ ಎಂದಳು ದುಭಾಷಿ. ‘ಅವರು ಸಾಲ ಅಂತಲೇ ಅಂದಿದ್ರು.’

ಕುಂಬಳದಕ್ಕ ಅವಳನ್ನು ದಿಟ್ಟಿಸಿ ನೋಡಿದಳು. ಬೈಗುಳ ಬರುತ್ತದೆಂದು ದುಭಾಷಿ ಕಾದಳು. ತನಗೇ ಬಿದ್ದ ಬೈಗುಳಕ್ಕೆ ಬೆಣ್ಣೆ ಹಚ್ಚುವವರು ಯಾರೂ ಇಲ್ಲ ಎಂದು ಆ ಹೊತ್ತಿನಲ್ಲೂ ಅವಳಿಗೆ ಹೊಳೆಯಿತಂತೆ. ಆದರೆ ಕುಂಬಳದಕ್ಕ ಬೈಯಲಿಲ್ಲ. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತಳು. ಬುಟ್ಟಿಯ ಒಂದು ಕಿವಿ ತಾನು ಹಿಡಿದು, ಇನ್ನೊಂದನ್ನು ಹಿಡಿಯುವಂತೆ ತಜ್ಞನಿಗೆ ಕಣ್ಣಲ್ಲೇ ಹೇಳಿದಳು.

‘ಎಲ್ಲಿಗೆ ಅಕ್ಕಾ?’ ಎಂದಳು ದುಭಾಷಿ.

‘ನಾನು ಸಾಲ ತೀರಿಸ್ತಿರೋ ಮನೇಲಿ ಯಾರೋ ಬಂದು ಸೇರ್ಕೊಂಡಿದ್ದಾರಲ್ಲ, ಅವರನ್ನ ಮಾತಾಡಿಸ್ಕೊಂಡು ಬರ್ತೀನಿ.’

ಕೆಳಗಿಳಿದು ನೀರಿನ ಬಿಲ್ಲಿನ ಕೌಂಟರಿನ ಎದುರಿಗೇ ಅವಳು ಗೋಣಿಚೀಲ ಹಾಸಿದಳು. ಸಾಲದ ಸುದ್ದಿ ಬೀದಿಗೆ ಹೋಗಲು ಎಷ್ಟು ಹೊತ್ತು? ಈರುಳ್ಳಿಯವನು ಮಕ್ಕಳಿಲ್ಲದ ಮುದುಕನ ಕಥೆಯನ್ನು ಅಲ್ಲಿಗೇ ಕೈಬಿಟ್ಟು ಚೀಲ ಎತ್ತಿಕೊಂಡು ಬಂದ. ನಿಂಬೆಹಣ್ಣಿನವಳು ಬಂದಳು, ಟೊಮೇಟೊದವಳು ಬಂದಳು. ಮಧ್ಯಾಹ್ನದ ಹೊತ್ತಿಗೆ ಮುರಿದ ಕುರ್ಚಿಗಳ ರಾಶಿ ಹೊರಗಿತ್ತು, ತರಕಾರಿ ಒಳಗಿತ್ತು. ಬಿಲ್ಲು ಕಟ್ಟಲು ಸಾಲು ನಿಂತವರು ನಿಂತಲ್ಲೇ ಸೊಪ್ಪು ಆರಿಸಿಕೊಂಡರು. ಹಿಂದಿನ ದಿನ ಚೌಕಾಸಿ ಮಾಡಿದ್ದ ಗುಮಾಸ್ತ ಕೌಂಟರಿನ ಕಿಂಡಿಯಿಂದಲೇ ಕೈ ಚಾಚಿ ಟೊಮೇಟೊ ಕೊಂಡ.

ಎಂಜಿನಿಯರು ಬಂದು ಇದು ಕಚೇರಿ, ಇಲ್ಲಿ ಹೀಗೆಲ್ಲ ಕೂರುವ ಹಾಗಿಲ್ಲ ಎಂದ.

‘ಸಾಲ ನಂದು, ನೆರಳು ನಿಮ್ದಾ?’ ಎಂದಳು ಕುಂಬಳದಕ್ಕ.

ಎಂಜಿನಿಯರು ದುಭಾಷಿಯ ಮುಖ ನೋಡಿದ. ಅವಳು ಆ ಮಾತನ್ನು ಒಂದಕ್ಷರ ಬಿಡದೆ ತಜ್ಞನಿಗೆ ಅನುವಾದಿಸಿದಳು. ತಜ್ಞ ಬರೆದುಕೊಂಡ.

ಅಂದು ಸಂಜೆ ಅವಳು ಮನೆಗೆ ಬಂದು ನೆಲದ ಮೇಲೆ ಕೂತುಬಿಟ್ಟಳು. ಮೆಟ್ಟಿಲ ಮೇಲಿಂದ ಭಾವನ ದನಿ ಬಂತು: ಆ ಕೋಡಂಗಿಗೆ ರೇಡಿಯೋ ಸಣ್ಣಗೆ ಮಾಡಲು ಹೇಳು. ಬೆಳಗಿನಿಂದ ನೇರ ದಾರಿಗೆ ಬಿದ್ದಿದ್ದ ದುಭಾಷಿಯ ನಾಲಿಗೆ ಇನ್ನೂ ನೇರವಾಗಿಯೇ ಇತ್ತು.

‘ರೀ, ರೇಡಿಯೋ ಸಣ್ಣಗೆ ಮಾಡ್ಬೇಕಂತೆ. ನೀವು ಕೋಡಂಗಿಯಂತೆ.’

ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದ. ‘ಏನಂದ?’

‘ಕೋಡಂಗಿ. ಇವತ್ತಲ್ಲ, ದಿನಾ ಅಂತಾರೆ. ನಾನೇ ಹೇಳ್ತಿರಲಿಲ್ಲ.’

ಅವನು ಬಿಚ್ಚಿಟ್ಟ ಗಡಿಯಾರವನ್ನು ಹಾಗೇ ಬಿಟ್ಟು, ವರ್ಷಗಳಿಂದ ಹತ್ತದಿದ್ದ ಮೆಟ್ಟಿಲನ್ನು ಹತ್ತಿ ಹೋದ. ಮೇಲೆ ಕೂಗಾಟ ಶುರುವಾಯಿತು. ಅಕ್ಕಪಕ್ಕದವರು ಕಿಟಕಿಗೆ ಬಂದರು. ದುಭಾಷಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು, ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಕೂಗಾಟ ವಾದಕ್ಕಿಳಿಯಿತು. ಚಿಕ್ಕಂದಿನಲ್ಲಿ ಅಮ್ಮ ಕೋಡಂಗಿ ಎನ್ನುತ್ತಿದ್ದುದು ಇಬ್ಬರಲ್ಲಿ ಯಾರನ್ನು ಎಂಬುದು ಆಗ ಚರ್ಚೆಯ ವಿಷಯವಾಗಿತ್ತು. ಕತ್ತಲಾಗುವ ಮೊದಲು, ಇಬ್ಬರಿಗೂ ಚಹ ಬೇಕೆಂದು ಗಂಡ ಮೇಲಿಂದಲೇ ಕೂಗಿ ಹೇಳಿದ. ಈಗ ಅಣ್ಣತಮ್ಮಂದಿರು ದಿನವೂ ಮಾತಾಡುತ್ತಾರೆ, ಅಂದರೆ ದಿನವೂ ಜಗಳವಾಡುತ್ತಾರೆ. ಬಣ್ಣದ ವಿಷಯ ಇಂದಿಗೂ ತೀರ್ಮಾನವಾಗಿಲ್ಲ.

ತಜ್ಞನ ವರದಿ ಬರಲು ತಿಂಗಳುಗಳೇ ಹಿಡಿದವು. ಕಟ್ಟಡ ಗಟ್ಟಿಯಾಗಿದೆ, ಬಳಕೆ ಸಾಲದು ಎಂದು ಅದರಲ್ಲಿತ್ತು. ಧರ್ಮಕ್ಕೆ ಬಂದದ್ದೆಂದು ತಿಳಿದಿದ್ದಷ್ಟು ಕಾಲ ಜನ ಆ ಕಟ್ಟಡದ ಗೊಡವೆಗೇ ಹೋಗಲಿಲ್ಲ, ತಮ್ಮದೇ ಸಾಲವೆಂದು ತಿಳಿದ ದಿನವೇ ಒಳಗೆ ಬಂದು ಕೂತರು ಎಂದೂ ಇತ್ತು. ಸಮುದ್ರದಾಚೆಯ ಕಚೇರಿಯವರು ಇದನ್ನು ನಂಬಲಿಲ್ಲವಂತೆ. ಸಾಲವೆಂದು ತಿಳಿದು ಸಿಟ್ಟಾಗುವ ಜನರನ್ನು ಅವರು ಕಂಡಿದ್ದರು, ಹಕ್ಕು ಕೇಳುವವರನ್ನು ಕಂಡಿರಲಿಲ್ಲ. ವರದಿಯ ಕೊನೆಯಲ್ಲಿ, ಕೆಲವು ವಿವರಗಳು ಮೊದಲ ದಿನಕ್ಕೂ ಎರಡನೆಯ ದಿನಕ್ಕೂ ಬೇರೆಯಾಗಲು ಅನುವಾದ ಕಾರಣವಾಗಿರಬಹುದು ಎಂದು ತಜ್ಞ ಒಂದು ಸಾಲು ಬರೆದಿದ್ದ. ದುಭಾಷಿ ಅದನ್ನು ಓದಿ ಒಂದು ವಾರ ಸಿಟ್ಟಾಗಿದ್ದಳು. ಆಮೇಲೆ ವರದಿಯಲ್ಲಿ ತನ್ನ ಪ್ರಸ್ತಾಪ ಬಂದಿದೆಯೆಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ನಗರಸಭೆಯವರಿಗೆ ಬೇರೆ ದಾರಿ ಇರಲಿಲ್ಲ. ಕೌಂಟರುಗಳನ್ನು ಮಹಡಿಗೆ ಸಾಗಿಸಿ, ಕೆಳಗಿನ ಜಾಗವನ್ನು ತರಕಾರಿಯವರಿಗೆ ಬಿಟ್ಟುಕೊಟ್ಟರು. ಅಧಿಕಾರಿಗಳೇ ಮೆಟ್ಟಿಲು ಹತ್ತಬೇಕಾಗಿ ಬಂದ ಮೇಲೆ, ಅಷ್ಟು ವರ್ಷ ಬರದಿದ್ದ ಲಿಫ್ಟು ಒಂದೇ ಬೇಸಿಗೆಯಲ್ಲಿ ಬಂತು. ಕಾವಲುಗಾರ ಸೈಕಲ್ಲಿಗೆ ಬೇರೆ ಜಾಗ ಹುಡುಕಿಕೊಂಡ. ಹಾಗೆಂದು ತರಕಾರಿಯವರು ಸುಖವಾಗಿದ್ದರೆಂದಲ್ಲ. ಬಾಗಿಲ ಬಳಿಯ ಜಾಗ ಯಾರಿಗೆ ಎಂಬ ಜಗಳ ಕೋರ್ಟಿನ ಮೆಟ್ಟಿಲವರೆಗೆ ಹೋಗಿ ಬಂತು. ಎರಡನೆಯ ಮಾರುಕಟ್ಟೆಯ ಸಾಲವನ್ನು ಬ್ಯಾಂಕು ತಡೆಹಿಡಿದು, ಮೊದಲು ನಕ್ಷೆಯನ್ನು ಮಾರುವವರಿಗೆ ತೋರಿಸಿ ಬನ್ನಿ ಎಂದಿತು. ಎಂಜಿನಿಯರು ಹಲ್ಲು ಕಚ್ಚಿಕೊಂಡು ತೋರಿಸಿದ. ಕುಂಬಳದಕ್ಕ ಪ್ರತಿಯೊಬ್ಬರ ಎದುರಿಗೂ ಒಂದು ಬಾಗಿಲು ಬೇಕೆಂದಳು. ಅವಳ ಮಾತು ಕೇಳಿದ್ದರೆ ಆ ಕಟ್ಟಡದಲ್ಲಿ ಗೋಡೆಯೇ ಇರುತ್ತಿರಲಿಲ್ಲ. ಎಂಜಿನಿಯರು ಸಮಾಧಾನದಿಂದ ವಿವರಿಸಿದ ಮೇಲೆ ಅವಳೂ ಒಪ್ಪಿದಳು. ಅವನು ಆ ದಿನ ನಿಜಕ್ಕೂ ಚೆನ್ನಾಗಿ ವಿವರಿಸಿದ.

ದುಭಾಷಿಯನ್ನು ಮಾತ್ರ ನಗರಸಭೆಯವರು ಆಮೇಲೆ ಕರೆಯಲಿಲ್ಲ. ಕೆಲವು ತಿಂಗಳು ಅವಳು ಗಂಡನ ಅಂಗಡಿಯಲ್ಲಿ ಸಹಾಯಕ್ಕೆ ಕೂತಳು. ನಿಮ್ಮ ಗಡಿಯಾರ ಇನ್ನು ನಡೆಯುವುದಿಲ್ಲ, ಎಸೆಯಿರಿ ಎಂದು ಗಿರಾಕಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿ ವ್ಯಾಪಾರ ಕೆಡಿಸಿದಳು. ಅಷ್ಟರಲ್ಲಿ ದೊಡ್ಡ ಬ್ಯಾಂಕಿನವರೇ ಅವಳನ್ನು ಬೇರೆ ಊರುಗಳ ಪರಿಶೀಲನೆಗೆ ಕರೆಯತೊಡಗಿದರು. ಹೆಸರು ಸೂಚಿಸಿದವನು ಆ ‘ಏಣಿ’ ತಜ್ಞನೇ ಇರಬೇಕು.

ನೇರ ಅನುವಾದ ಅವಳಿಗೆ ಸುಲಭವಾಗಲಿಲ್ಲ. ಒಂದು ಊರಿನಲ್ಲಿ ಜಲಮಂಡಳಿಯ ಅಧ್ಯಕ್ಷರು ಮೇಜು ಗುದ್ದಿ, ಈ ಹೆಂಗಸನ್ನು ಹೊರಗೆ ಕಳಿಸಿ ಎಂದರು. ಅವಳು ಅದನ್ನೂ ಅನುವಾದಿಸಿಯೇ ಹೊರಗೆ ಹೋದಳು. ಇನ್ನೊಂದು ಊರಿನಲ್ಲಿ ಹಳೆಯ ಚಾಳಿ ಮರುಕಳಿಸಿ, ದನದ ಬುದ್ಧಿ ಎಂಬುದನ್ನು ಸಾಧು ಸ್ವಭಾವ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

ಈಚೆಗೆ ಅವಳು ಒಂದು ಹೊಸ ಉಪಾಯ ಕಂಡುಕೊಂಡಿದ್ದಾಳೆ. ಕಳೆದ ಬಾರಿ ಆಸ್ಪತ್ರೆಯ ಸಾಲದ ಸಭೆಯೊಂದರಲ್ಲಿ ಒಬ್ಬ ನಿವೃತ್ತ ಮೇಷ್ಟರು ಎದ್ದು ನಿಂತು, ಬ್ಯಾಂಕಿನವರನ್ನು, ಸರ್ಕಾರದವರನ್ನು, ವೈದ್ಯರನ್ನು ಒಟ್ಟಿಗೆ ಸೇರಿಸಿ ಉಸಿರು ಬಿಡದೆ ಬೈದರು. ಅವಳು ಪೂರ್ತಿ ಕೇಳಿಸಿಕೊಂಡು ಅವರ ಹತ್ತಿರ ಬಗ್ಗಿ, ‘ಮೇಷ್ಟ್ರೇ, ಇದನ್ನ ಹೀಗೇ ಹೇಳ್ಲಾ?’ ಎಂದು ಕೇಳಿದಳು.

ಮೇಷ್ಟರು ಯೋಚಿಸಿದರು. ವೈದ್ಯರ ವಿಷಯ ಬಿಟ್ಟುಬಿಡಿ, ಅವರಲ್ಲೊಬ್ಬ ತನ್ನ ಅಳಿಯ ಎಂದರು. ಸರ್ಕಾರದವರ ಬಗ್ಗೆ ಅಂದ ಒಂದು ಮಾತನ್ನೂ ತೆಗೆಸಿದರು. ಉಳಿದದ್ದನ್ನು ಹಾಗೇ ಹೇಳಿ, ಒಂದಕ್ಷರವೂ ಬದಲಾಗಬಾರದು ಎಂದರು. ಅವಳು ಹಾಗೇ ಹೇಳಿದಳು. ಮೇಷ್ಟರು ಕನ್ನಡಕ ಏರಿಸಿಕೊಂಡು, ಅರ್ಥವಾಗದ ಆ ಭಾಷೆಯಲ್ಲಿ ತಮ್ಮ ಮಾತು ಹೇಗೆ ಕೇಳಿಸುತ್ತದೆಂದು ಕೊನೆಯವರೆಗೂ ಗಮನವಿಟ್ಟು ಕೇಳಿದರು.